ವಕೀಲರಿಗಾಗಿ ಇಟ್ಟ ನೋಟ್‌ಬುಕ್ಕು

ಹೆದರುವವರ ಮೇಲೇ ಹಾವು ಎಸೆಯುವುದು ಲೋಕದ ರೂಢಿ. ನನ್ನ ಮೇಲಂತೂ ವರ್ಷಕ್ಕೆ ಒಂದಾದರೂ ಬೀಳುತ್ತದೆ.

ಆಗ ನಾನು ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ವರದಿ ಬರೆಯುವ ಕೆಲಸ. ಬಾಡಿಗೆ ಮನೆ ಮಲ್ಕಾಜ್‌ಗಿರಿಯಲ್ಲಿ. ಮಾಲೀಕರು ರೈಲ್ವೆ ಗುಮಾಸ್ತರಾಗಿ ನಿವೃತ್ತರಾದವರು. ಐಟಿಯವರ ದೆಸೆಯಿಂದ ಎಲ್ಲೆಲ್ಲೂ ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ. ಅವರಿಗೂ ಮನೆ ಕೆಡವಿ ಕಟ್ಟುವ ಆಸೆ ಹತ್ತಿತು. ಕರಾರು ಇನ್ನೂ ಎಂಟು ತಿಂಗಳಿದ್ದರೂ, ಹದಿನೈದೇ ದಿನದಲ್ಲಿ ಖಾಲಿ ಮಾಡಿ ಅಂದರು. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವಳನ್ನೂ ಹೊಟ್ಟೆಯಲ್ಲಿದ್ದ ಕೂಸನ್ನೂ ಎಲ್ಲಿಗೆ ಎತ್ತಿಕೊಂಡು ಹೋಗಲಿ? 

ನಲ್ಲಿ

ಬೀದರ್ ಕಡೆಯ ವಕೀಲರೊಬ್ಬರು ಸಿಕ್ಕರು. "ಬಾಯಿಲೆ ಹೇಳಿದ್ದು ಕೋರ್ಟಿನ್ಯಾಗ ನಡ್ಯಂಗಿಲ್ರಿ. ಒಂದು ನೋಟ್‌ಬುಕ್ ಇಡ್ರಿ. ತಾರೀಖು, ಟೈಮು, ಯಾರು ಏನಂದ್ರು, ಯಾರು ನೋಡಿದ್ರು, ಎಲ್ಲಾ ಇಂಗ್ಲಿಷಿನ್ಯಾಗ ಬರೀರಿ. ಹಾಳಿ ಮಾತ್ರ ಹರಿಬ್ಯಾಡ್ರಿ" ಎಂದರು.

ಮರುದಿನವೇ ಮಾಲೀಕರು ನೀರು ನಿಲ್ಲಿಸಿದರು. ನನಗೆ ಬರುತ್ತಿದ್ದುದು ಒಂದೇ ಥರದ ಬರವಣಿಗೆ. ಆಫೀಸಿನಲ್ಲಿ ಬರೆಯುವಂತೆಯೇ ಬರೆದೆ: "ಆಗಬೇಕಾದದ್ದು: ನೀರು ಬರುವುದು. ಆದದ್ದು: ಬರಲಿಲ್ಲ. ತೀವ್ರತೆ: ಹೆಚ್ಚು. ದೋಷವನ್ನು ಮತ್ತೆ ಕಾಣುವ ವಿಧಾನ: ನಲ್ಲಿ ತಿರುಗಿಸಿ."

ವಕೀಲರು ಓದಿ ತಲೆ ಎತ್ತಿದರು. "ಅಲ್ರೀ, ಜಡ್ಜ್ ಸಾಹೇಬ್ರು ನಿಮ್ಮ ಮನಿಗೆ ಬಂದು ನಲ್ಲಿ ತಿರುವಬೇಕೇನ್ರಿ?"

ಸಾಕ್ಷಿ

ಅಂದಿನಿಂದ ಸಾದಾ ವಾಕ್ಯದಲ್ಲಿ ಬರೆಯತೊಡಗಿದೆ. "ಮಾಲೀಕರು ನನ್ನನ್ನು ಕೊಲ್ಲುವಂತೆ ನೋಡಿದರು" ಎಂಬ ಸಾಲಿಗೆ ವಕೀಲರು ಅಡ್ಡಗೆರೆ ಎಳೆದರು. "ಕಣ್ಣಿಲೆ ಕೊಲ್ಲಾಕ ಕಾನೂನಿನ್ಯಾಗ ಸೆಕ್ಷನ್ ಇಲ್ರಿ. ಆದದ್ದಷ್ಟ ಬರೀರಿ."

ಸರಿ, ಆದದ್ದನ್ನೇ ಬರೆದೆ: "ಬೆಳಿಗ್ಗೆ ಏಳು ಹತ್ತು. ಮಾಲೀಕರು ಬಾಗಿಲು ಬಡಿದರು. ನಾನು ಬಚ್ಚಲಲ್ಲಿ ಅಡಗಿಕೊಂಡೆ. ಸಾಕ್ಷಿ: ಹೆಂಡತಿ."

ಅವಳಿಗೆ ಓದಿ ಹೇಳಿದೆ. ಮಲಗಿದ್ದಲ್ಲಿಂದಲೇ ಕೈ ಚಾಚಿದಳು. "ಪೆನ್ನು ಕೊಡಿ ಇಲ್ಲಿ. ಮದುವೆಯಾದಾಗಿನಿಂದ ನೀವು ಬರೆದಿರೋ ಸತ್ಯ ಇದೊಂದೇ ಕಣ್ರೀ, ಸಹಿ ಹಾಕ್ತೀನಿ."

ತಿದ್ದುಪಡಿ

ಗಡುವಿಗೆ ನಾಲ್ಕು ದಿನ ಉಳಿದಿತ್ತು. ನಾನು ವರಾಂಡದಲ್ಲಿದ್ದಾಗಲೇ ಮಾಲೀಕರು ಬಂದುಬಿಟ್ಟರು. ಈ ಸಲ ಬಚ್ಚಲಿಗೆ ಓಡಲು ದಾರಿ ಇರಲಿಲ್ಲ. ಖಾಲಿ ಮಾಡದಿದ್ದರೆ ಶುಕ್ರವಾರ ಸಾಮಾನೆಲ್ಲ ಬೀದಿಗೆ ಎಸೆಸುತ್ತೇನೆ ಎಂದು ಗುಡುಗಿದರು. ಒಳಗೆ ಮಲಗಿದ್ದ ಹೆಂಡತಿಗೆ ಕೇಳಿಸೀತೆಂದು ಬಾಗಿಲು ಮುಂದೆ ಮಾಡಿದೆ. ನಿಂತಲ್ಲೇ ಬರೆದುಕೊಂಡೆ.

"ಕ್ಯಾ ಲಿಖ್ ರೈ ಜೀ?" ಏನು ಬರೆಯುತ್ತಿದ್ದೀ ಎಂದು ಉರ್ದುವಿನಲ್ಲಿ ಗದರಿದವರೇ ನೋಟ್‌ಬುಕ್ ಕಿತ್ತುಕೊಂಡರು.

ಹರಿದೇ ಬಿಡುತ್ತಾರೆ, ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಅವರು ಕನ್ನಡಕ ಏರಿಸಿ ಓದಿದರು. ಮುಖ ಗಂಟಿಕ್ಕಿತು. ಜೇಬಿನಿಂದ ಪೆನ್ನು ತೆಗೆದರು. ನಾನು ಬರೆದ "ಶುಕ್ರವಾರ" ಹೊಡೆದುಹಾಕಿ "ಗುರುವಾರ" ಎಂದು ಬರೆದರು. ಶುಕ್ರವಾರ ಅವರಿಗೆ ಪೆನ್ಷನ್ ಆಫೀಸಿನ ಕೆಲಸವಿತ್ತಂತೆ. "ಸಾಮಾನು" ಎಂದಿದ್ದ ಕಡೆ "ಮಂಚ ಮತ್ತು ಸಿಲಿಂಡರ್ ಸಮೇತ" ಎಂದು ಸೇರಿಸಿದರು. ಆಮೇಲೆ ಎರಡೂ ತಿದ್ದುಪಡಿಯ ಪಕ್ಕ ಚಿಕ್ಕ ಸಹಿ ಹಾಕಿ, ತಾರೀಖು ಬರೆದು, ನೋಟ್‌ಬುಕ್ ವಾಪಸು ಕೊಟ್ಟು ಹೋದರು.

ವಕೀಲರು ಆ ಪುಟವನ್ನು ಎರಡು ಸಲ ಓದಿದರು. "ಇವರಿಗೆ ಸಹಿ ಮಾಡ್ರಿ ಅಂತ ಯಾರು ಹೇಳಿದ್ರೀ?"

"ಯಾರೂ ಇಲ್ಲ ಸಾರ್."

ಅವತ್ತೇ ಅರ್ಜಿ ಹಾಕಿದರು. ಬುಧವಾರ ಕೋರ್ಟಿನಲ್ಲಿ ನಾನು ನಮ್ಮ ವಕೀಲರ ಬೆನ್ನ ಹಿಂದೆ ನಿಂತೆ. ತಮ್ಮ ಕಕ್ಷಿದಾರರು ಯಾರನ್ನೂ ಬೆದರಿಸಿಯೇ ಇಲ್ಲ, ಎಲ್ಲ ಬಾಡಿಗೆದಾರನ ಕಟ್ಟುಕಥೆ ಎಂದು ಮಾಲೀಕರ ವಕೀಲರು ಜೋರಾಗಿ ವಾದಿಸಿದರು. ಜಡ್ಜ್ ನೋಟ್‌ಬುಕ್ ಮುಂದೆ ಹಿಡಿದು, ಈ ಸಹಿ ಯಾರದು ಎಂದು ಮಾಲೀಕರನ್ನೇ ಕೇಳಿದರು.

ಅವರ ವಕೀಲರು ಕಣ್ಣಲ್ಲೇ ಬೇಡ ಬೇಡ ಎಂದರೂ ಮಾಲೀಕರು ನೆಟ್ಟಗೆ ನಿಂತು ಹೇಳಿದರು: "ನಂದೇ ಸಾಹೇಬರೇ. ತಿದ್ದಿದ ಕಡೆ ಸಹಿ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಉಂಟೇ?"

"ಇಲ್ಲ. ಈಗ ಇದಕ್ಕೆ ಪೂರ್ತಿ ಬೆಲೆ ಬಂತು" ಎಂದ ಜಡ್ಜ್, ಕರಾರು ಮುಗಿಯುವವರೆಗೆ ಬಸುರಿಯ ಮಂಚ ಯಾರೂ ಮುಟ್ಟಕೂಡದೆಂದು ಆದೇಶ ಬರೆಸಿದರು. ಸಿಲಿಂಡರ್ ಸಮೇತ.