ಬಿಗರಿ ಮಾಸ್ತರರ ಮೇಲೊಂದು ಅರ್ಜಿ

ಗೌಡರ ನಾಲ್ಕು ವರ್ಷದ ಮೊಮ್ಮಗ ಅಪ್ಪಾಸಾಬನನ್ನು ಶಾಲೆಯ ನಡುಗಂಬದ ಪಕ್ಕಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. ಮುರಿಗೆಪ್ಪ ಮಾಸ್ತರರು ಅದನ್ನು ಮರ್ಯಾದೆಯ ಜಾಗವೆಂದು ತಿಳಿದಿದ್ದರು. ತಿಳಿಯದವರಿಗೆ ಎಲ್ಲವೂ ಮರ್ಯಾದೆಯಾಗಿಯೇ ಕಾಣುತ್ತದೆ.

ಮಾಸ್ತರರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇರದೆ ಏನು ಮಾಡೀತು? ಐದು ವರ್ಷದಿಂದ ಕೊಣ್ಣೂರಿನಾಚೆಯ ಈ ಕರಿಮಡ್ಡಿಯಲ್ಲಿ ಬಿಗರಿ ಮಾಸ್ತರಿಕೆ. ಬಿಗರಿ ಎಂದರೆ ಒಂದನೆಯ ಇಯತ್ತೆಗೂ ಕೆಳಗೆ. ಇನ್ನೂ ಚಡ್ಡಿ ಕಾಣದ, ಮೂಗು ಒರೆಸಿಕೊಳ್ಳಲು ಬಾರದ ಇಪ್ಪತ್ತು ಕೂಸುಗಳ ದೊಡ್ಡಿ. ಹಾಸಿಗೆ ಹಿಡಿದ ಮಾಸ್ತರರ ತಾಯಿಯನ್ನು ಬಿಟ್ಟು ಹೆಂಡತಿ ಕಾಶೆವ್ವ ಹುಕ್ಕೇರಿಯಿಂದ ಬರುವ ಹಾಗಿರಲಿಲ್ಲ. ಹೋದ ಸೂಟಿಗೆ, ಶಾಲೆಯ ರಜೆಯಲ್ಲಿ, ಮನೆಗೆ ಹೋದಾಗ ಅವರ ನಾಲ್ಕು ವರ್ಷದ ಮಗಳು ಬಾಗಿಲಲ್ಲೇ ನಿಂತು, "ಯವ್ವಾ, ಯಾರೋ ಕಾಕಾ ಬಂದಾನ" ಎಂದು ಒಳಗೆ ಓಡಿದ್ದಳು. ಊರವರ ಮಕ್ಕಳಿಗೆಲ್ಲ ಹಾಡು ಹೇಳಿಕೊಡುವ ಮನುಷ್ಯನನ್ನು ಸ್ವಂತ ಮಗಳು ಕಾಕಾ ಮಾಡಿಬಿಟ್ಟಿದ್ದಳು. ಅಂದಿನಿಂದ ಮಗಳ ಕಾರಣ ಬರೆದು ಹುಕ್ಕೇರಿಗೆ ವರ್ಗ ಕೇಳಿ ಮೂರು ಅರ್ಜಿ ಹಾಕಿದ್ದರು. ಎರಡು 'ನಾಮಂಜೂರ' ಎಂದು ತಿರುಗಿ ಬಂದಿದ್ದವು, ಮೂರನೆಯದರ ಸುದ್ದಿಯೇ ಇರಲಿಲ್ಲ.

ಇವತ್ತು ಮಧ್ಯಾಹ್ನ ದಿಪೋಟಿ ಸಾಹೇಬರು ಶಾಲೆ ತಪಾಸಣೆಗೆ ಬರುವವರಿದ್ದರು. ಬಿಗರಿ ಮಕ್ಕಳಿಗೆ ಹಾಡು, ಕುಣಿತಗಳಿಂದಲೇ ಕಲಿಸಬೇಕು, ಹಾಡು ಹಳ್ಳಿಯ ಜೀವನದ್ದಾಗಿರಬೇಕು ಎಂದು ಪುಣೆಯಿಂದ ಹುಕುಂ ಬಂದು ಎಂಟು ತಿಂಗಳಾಗಿತ್ತು. ಪುಣೆಯಲ್ಲಿ ಕುರ್ಚಿಯ ಮೇಲೆ ಕೂತು ಹುಕುಂ ಬರೆಯುವವರು ಒಂದು ಕೂಸಿನ ಮೂಗನ್ನಾದರೂ ಒರೆಸಿದ್ದಾರೆಯೇ? ಆದರೂ ಸಾಹೇಬರನ್ನು ಮೆಚ್ಚಿಸಿ ಹುಕ್ಕೇರಿ ಸೇರಬೇಕೆಂದು ಮಾಸ್ತರರು ಹಟಕ್ಕೆ ಬಿದ್ದು ಒಂದು ಹಂತಿಯ ಹಾಡು ಕಟ್ಟಿದ್ದರು. ಕಣದ ನಡುವೆ ಮೇಟಿಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತಿಸುತ್ತಾರಲ್ಲ, ಅದು ಹಂತಿ. ಶಾಲೆಯ ನಡುಗಂಬವೇ ಮೇಟಿ, ಮಕ್ಕಳೇ ಎತ್ತು. ಐದೈದು ಮಕ್ಕಳ ಸಾಲು, ಸಾಲಿಗೊಂದು ಹಗ್ಗ.

"ಗರಗರ ಸುತ್ತೋ ಕರಿ ಎತ್ತ, ಕಾಳು ಉದುರಲಿ ಕಣದ ಸುತ್ತ! ತುಳಿ ತುಳಿ ತುಳಿಯೋ ಬಿಳಿ ಎತ್ತ, ರಾಶಿ ಏರಲಿ ಮುಗಿಲೆತ್ತ!"

ಮಕ್ಕಳು ತಿಂಗಳಿಂದ ಇದನ್ನು ಹಾಡಿ ತುಳಿದು ಶಾಲೆಯ ನೆಲದ ಧೂಳನ್ನೆಲ್ಲ ಎಬ್ಬಿಸಿದ್ದರು. ಆದರೆ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತು ಮಾಡಿದ್ದು ಇವತ್ತು ಬೆಳಿಗ್ಗೆ. ಅಪ್ಪಾಸಾಬ ಮನೆಗೆ ಹೋಗಿ, "ನಾ ಮೇಟಿ ಬಾಜೂ ಎತ್ತ" ಎಂದು ಹೆಮ್ಮೆಯಿಂದ ಸಾರಿದ. ಐದು ನಿಮಿಷದಲ್ಲಿ ವೀರಪ್ಪ ಗೌಡರು ಅವನ ಕೈ ಹಿಡಿದುಕೊಂಡು ಶಾಲೆಯ ಹೊಸ್ತಿಲ ಮೇಲಿದ್ದರು.

"ಏನ್ರಿ ಮಾಸ್ತರ, ನನ್ನ ಮೊಮ್ಮಗನ್ನ ಮೇಟಿ ಬಾಜೂ ಹೂಡೀರಂತ?"

"ಹೌದ್ರಿ ಗೌಡ್ರ. ನಡುವಿನ ಜಾಗಾ, ಮರ್ಯಾದಿ ಜಾಗಾ ಅಂತ..."

"ಮರ್ಯಾದಿ! ಮೇಟಿ ಬಾಜೂ ಎಂಥಾ ಎತ್ತ ಹೂಡ್ತಾರ ಗೊತ್ತೈತೇನ್ರಿ ನಿಮಗ? ಹಲ್ಲ ಉದರಿದ್ದು, ಕಾಲ ಎಳ್ಯೂದು, ಇವತ್ತೋ ನಾಳೆನೋ ಅನ್ನೂದು! ಜ್ವಾನ ಹೋರಿ ಹೊರಗಿನ ತುದಿಗಿರತೈತಿ. ನಮ್ಮ ಮನಿತನಾನ ಮುದಿ ಎತ್ತ ಮಾಡೀರಲ್ಲ!"

ಹುಕ್ಕೇರಿ ಪೇಟೆಯ ಕಿರಾಣಿ ಅಂಗಡಿಯ ಮನೆಯಲ್ಲಿ ಬೆಳೆದ ಮುರಿಗೆಪ್ಪ ಮಾಸ್ತರರು ಹಂತಿಯನ್ನು ಕಂಡದ್ದು ಚಕ್ಕಡಿಯಲ್ಲಿ ಕೂತು, ದೂರದಿಂದ. ಸಿಟ್ಟು ಬಂತು, ನುಂಗಿಕೊಂಡರು. ಅಪ್ಪಾಸಾಬನನ್ನು ಎತ್ತಿ ಹೊರತುದಿಗೆ ಹಾಕಿ, ಅಲ್ಲಿದ್ದ ರಾಯಪ್ಪನೆಂಬ ಹುಡುಗನನ್ನು ಕಂಬದ ಬಳಿಗೆ ತಂದರು.

ಹೊರತುದಿಯವನು ಎಲ್ಲರಿಗಿಂತ ಹೆಚ್ಚು ಓಡಬೇಕು. ಎರಡನೆಯ ಸುತ್ತಿಗೆ ಅಪ್ಪಾಸಾಬ ಹಗ್ಗ ಬಿಟ್ಟು ಹಾರಿ ಗೋಡೆಗೆ ಹೋಗಿ ಬಡಿದ. ಹಣೆಯ ಮೇಲೆ ಬುಗುಟೆ ಎದ್ದಿತು. ಅವನ ಕೂಗಿಗೆ ಗೌಡರು ತಿರುಗಿ ಬರುವಷ್ಟರಲ್ಲಿ ರಾಯಪ್ಪನ ಅಜ್ಜಿ ಅಲ್ಲವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಾಗಿತ್ತು.

"ಗೌಡರ ಕೂಸ ಹೋರಿ, ನಮ್ಮದು ಮುದಿ ಎತ್ತೇನೋ ಮಾಸ್ತರ? ಬಡವರ ಕೂಸಂದ್ರ ಸಸಾರ ಆತೇನ ನಿನಗ?"

"ಯವ್ವಾ, ಇದು ಹಾಡ! ಬರೇ ಹಾಡ! ಇಲ್ಲಿ ಎತ್ತೂ ಇಲ್ಲ, ಕಣಾನೂ ಇಲ್ಲ!" ಮಾಸ್ತರರು ಹಲ್ಲು ಕಡಿದರು.

"ಎತ್ತಿಲ್ಲಂದ್ರ ನನ್ನ ಮೊಮ್ಮಗಗ ಹಗ್ಗ ಯಾಕ ಹಾಕೀದಿ?"

ಮಾಸ್ತರರು ಪುಣೆಯ ಹುಕುಮನ್ನೇ ತೆಗೆದು ತಿರುವಿ ಹಾಕಿದರು. ಹೆಡ್ ಮಾಸ್ತರ ಮಾಲಿಂಗಪ್ಪನವರು ಕಾಗದಗಳ ಮಧ್ಯದಿಂದ ತಲೆಯೆತ್ತಿ, "ಸೋಪೀ ಐತಲ್ರಿ ಮುರಿಗೆಪ್ಪ, ಏನೂ ತ್ರಾಸಿಲ್ಲ. ಎಲ್ಲಾರ್ನೂ ಹೊರಗಿನ ತುದಿಗೇ ನಿಂದರಸ್ರಿ" ಎಂದು ಬುದ್ಧಿ ಹೇಳಿ ಮತ್ತೆ ತಲೆ ತಗ್ಗಿಸಿದರು. ಅವರನ್ನು ಅಲ್ಲೇ ಕಂಬಕ್ಕೆ ಕಟ್ಟಿ ಸುತ್ತಿಸಬೇಕೆನ್ನುವಷ್ಟು ಸಿಟ್ಟು ಬಂತು ಮಾಸ್ತರರಿಗೆ.

ಹೊತ್ತೇರುವುದರೊಳಗೆ ಅರ್ಧ ಊರು ಶಾಲೆಯ ಅಂಗಳದಲ್ಲಿ ನೆರೆಯಿತು. ಇಪ್ಪತ್ತು ಮಕ್ಕಳಲ್ಲಿ ನಾಲ್ಕು ಮಕ್ಕಳು ಮಾತ್ರ ಹೊರತುದಿಯಲ್ಲಿ ನಿಲ್ಲಬಹುದು. ಉಳಿದ ಹದಿನಾರು ಮನೆಗಳಿಗೆ ಅವಮಾನವಾಗಿತ್ತು, ಆ ನಾಲ್ಕು ಮನೆಗಳಿಗೆ ಮಕ್ಕಳು ಬಿದ್ದಾರೆಂಬ ಭಯ. ಈ ಮಾಸ್ತರ ಊರಿಗೆ ಬೇಡ, ಸಾಹೇಬರಿಗೆ ಅರ್ಜಿ ಕೊಟ್ಟು ಇವತ್ತೇ ಓಡಿಸಬೇಕು ಎಂದು ಎಲ್ಲರೂ ಒಂದಾದರು.

ಆದರೆ ಅರ್ಜಿ ಬರೆಯುವವರು ಯಾರು? ಮಾಲಿಂಗಪ್ಪನವರು, "ನನ್ನ ಅಕ್ಷರದಾಗ ಬ್ಯಾಡ್ರಿ, ನೌಕರಿಗೆ ಕುತ್ತ ಬರತೈತಿ" ಎಂದು ಕೈ ಮುಗಿದರು. ಊರಿನ ಕಾಗದ ಪತ್ರವೆಲ್ಲ ಬರೆಯುತ್ತಿದ್ದವರು ಒಬ್ಬರೇ. ಗೌಡರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಆ ಒಬ್ಬರ ಎದುರಿಗೆ ಬಂದು ನಿಂತರು.

"ಮಾಸ್ತರ, ಒಂದ ಅರ್ಜಿ ಬರಿಯೂದಿತ್ರಿ."

"ಯಾರ ಮ್ಯಾಲ?"

"ನಿಮ್ಮ ಮ್ಯಾಲ."

ಮಾಸ್ತರರ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಮಸಿಯ ದೌತಿಯನ್ನು ಗೌಡರ ರುಮಾಲಿಗೆ ಎಸೆಯಲು ಎತ್ತಿದವರು ಹಾಗೆಯೇ ನಿಂತರು. ತಡಿ. ಊರೇ ಬೇಡವೆಂದ ಮಾಸ್ತರನನ್ನು ಸಾಹೇಬರು ಊರಲ್ಲಿ ಇಡುತ್ತಾರೆಯೇ? ಎಲ್ಲಿಗೆ ಕಳಿಸುತ್ತಾರೆ? ಹುಕ್ಕೇರಿಯಲ್ಲಿ ಒಂದು ಜಾಗ ಖಾಲಿ ಬಿದ್ದಿದೆಯಲ್ಲ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮಾಸ್ತರರು ದೌತಿಯನ್ನು ಮೆಲ್ಲಗೆ ಕೆಳಗಿಟ್ಟು, ಒಳ್ಳೆಯ ಕಾಗದವನ್ನೇ ಹುಡುಕಿ ತೆಗೆದರು.

"ಹೇಳ್ರಿ ಗೌಡ್ರ. ಮನಸ್ಸಿನ್ಯಾಗಿದ್ದದ್ದೆಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

"ಸಾಲೀನೇ ಕಣಾ ಮಾಡ್ಯಾನ ಅಂತ ಬರೀರಿ. ಪಾಟಿ ಪೆನ್ಸಿಲ್ ಮುಟ್ಟಸೂದಿಲ್ಲ, ದಿನಾಪೂರ್ತಿ ಹಾಡು, ದಿನಾಪೂರ್ತಿ ಕುಣಿತ."

"ನನ್ನ ಮೊಮ್ಮಗ ನಿದ್ದಿಗಣ್ಣಾಗೂ ಅದನ್ನ ಹಾಡತಾನ, ಬರಿ!" ಎಂದಳು ಅಲ್ಲವ್ವ. "ಉಣ್ಣಾಕ ಕೂತರೂ ನೆಲಾ ತುಳಿತಾನ, ಬರಿ! ಸೂಟಿ ಅಂದ್ರ ಅಳತಾನ, ಸಾಲಿಗೆ ಹೊಕ್ಕೇನಿ ಅಂತ ಹಟಾ ಮಾಡತಾನ, ಅದನ್ನೂ ಬರಿ!"

"ಸಾಲಿಗೆ ಬರದ ಕೂಸಗೋಳು ಸೈತ ಓಣ್ಯಾಗ ಅದನ್ನ ಹಾಡಾಕತ್ತಾವ" ಎಂದು ಹಿಂದಿನಿಂದ ಯಾರೋ ದೂರಿದರು. "ಇನ್ನಷ್ಟು ಖಾರ ಹಾಕ್ರಿ ಮಾಸ್ತರ!"

ಮಾಸ್ತರರು ಖಾರ ಹಾಕಿದರು. ಐದು ವರ್ಷದ ಸಿಟ್ಟೆಲ್ಲ ಲೆಕ್ಕಣಿಕೆಯ ತುದಿಗೆ ಬಂತು. ತನ್ನನ್ನು ತಾನೇ ಅಷ್ಟು ಚೆಂದವಾಗಿ ಬೈದುಕೊಂಡ ಮನುಷ್ಯ ಆ ಸೀಮೆಯಲ್ಲಿ ಇನ್ನೊಬ್ಬನಿರಲಾರ. ಹಾಡನ್ನು ಪೂರ್ತಿ ಬರೆದು, ಮಕ್ಕಳನ್ನು ಹೇಗೆ ಸಾಲುಗಟ್ಟಿಸುತ್ತಾರೆ, ಯಾವ ಮಾತಿಗೆ ಯಾವ ಕಾಲು ಎತ್ತಿಸುತ್ತಾರೆ ಎಂಬುದನ್ನೂ ವಿವರವಾಗಿ ಬರೆದರು. ಊರವರು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಒತ್ತಲು ಹಿಂದುಮುಂದು ನೋಡಿದ ಒಬ್ಬಿಬ್ಬರ ಕೈಯನ್ನು ಮಾಸ್ತರರೇ ಹಿಡಿದು ಒತ್ತಿಸಿದರು.

ಮೂರು ಗಂಟೆಗೆ ದಿಪೋಟಿ ಸಾಹೇಬರ ಟಾಂಗಾ ಬಂತು. ಬಿಸಿಲಿಗೆ, ಧೂಳಿಗೆ ಸಾಹೇಬರ ಮುಖ ಮೊದಲೇ ಸಿಡುಕಾಗಿತ್ತು. ಇಳಿದವರೇ, "ಏನಿದು ಗದ್ಲ?" ಎಂದು ಗುಡುಗಿದರು. ಗೌಡರು ಅರ್ಜಿಯನ್ನು ಕೈಗೆ ಕೊಟ್ಟರು. ಸಾಹೇಬರು ಒಂದು ಸಲ ಓದಿ ಹುಬ್ಬೇರಿಸಿದರು. ಚಸ್ಮಾ ತೆಗೆದು ಒರೆಸಿ ಮತ್ತೊಂದು ಸಲ ಓದಿದರು. ಮಾಸ್ತರರು ಮುಖದ ಮೇಲೆ ಬರುತ್ತಿದ್ದ ನಗೆಯನ್ನು ಕಷ್ಟಪಟ್ಟು ತಡೆದು, ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ನಿಂತರು.

"ಇದೆಲ್ಲಾ ಖರೇನ?" ಎಂದು ಸಾಹೇಬರು ಊರವರನ್ನು ಕೇಳಿದರು.

"ದೇವರಾಣಿ ಖರೇರಿ!"

"ಸೂಟಿ ಇದ್ದಾಗೂ ಸಾಲಿಗೆ ಹೊಕ್ಕೇವಂತ ಕೂಸುಗೋಳು ಅಳತಾವ?"

"ಅಳತಾವ್ರಿ!"

ಸಾಹೇಬರು ಮುಂದೆ ಬಂದು ಮಾಸ್ತರರ ಬೆನ್ನು ತಟ್ಟಿದರು. "ಎಂಟು ತಿಂಗಳಾತು, ಇಡೀ ತಾಲೂಕಿನ್ಯಾಗ ಆ ಹುಕುಮ ಓದಿದಾಂವನೂ ಒಬ್ಬ ಸಿಗಲಿಲ್ಲ ನನಗ. ಹೋದಲ್ಲೆಲ್ಲಾ ಅದೇ ಛಡಿ, ಅದೇ ಮಗ್ಗಿ. ಬೈದ ಬೈದ ನನ್ನ ಗಂಟಲಾ ಹರೀತು. ಇಲ್ಲಿ ನೋಡಿದ್ರ ಮೂರು ಹಾಳಿ ಸಾಕ್ಷಿ!"

"ಸಾಹೇಬ್ರ, ಅದು ತಕರಾರ ಅರ್ಜಿರಿ!" ಎಂದು ಮಾಸ್ತರರು ಚೀರಿದರು. "ನನ್ನ ಮ್ಯಾಲಿನ ತಕರಾರ!"

"ಅದಕ್ಕ ನಂಬಿದೆ. ಹೊಗಳಿ ಬರದಿದ್ರ, ಮಾಸ್ತರನೇ ಕೂತು ಬರದಾನ ಅಂತಿದ್ದೆ."

ಮಾಸ್ತರರು ಮಸಿ ಹತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದರು.

ಸಾಹೇಬರು ಬಗಲಚೀಲದಿಂದ ಒಂದು ಕಾಗದ ತೆಗೆದರು. "ನಿಮ್ಮ ಹುಕ್ಕೇರಿ ವರ್ಗದ ಆರ್ಡರ್ ಇದು. ಮೂರನೇ ಅರ್ಜಿ ಮಂಜೂರಾಗಿತ್ತು, ಕೈಯಾರೆ ಕೊಡೂಣಂತ ತಂದಿದ್ದೆ. ಏನ್ರಿ ಗೌಡ್ರ, ನಿಮಗ ಈ ಮಾಸ್ತರ ಬ್ಯಾಡಂದ್ರ ಹುಕ್ಕೇರಿಯವರು ಕಣ್ಣಿಗೊತ್ತಿಕೊಂಡು ಕರಕೋತಾರ. ಕಳಸೂಣೇನು?"

ಗೌಡರ ಮೀಸೆ ನೆಟ್ಟಗಾಯಿತು. "ಹುಕ್ಕೇರಿಯವರಿಗ್ಯಾಕ ಕೊಡೂಣ್ರಿ? ಅವರ ಕೂಸಗೋಳು ಹಾಡಬೇಕು, ನಮ್ಮವು ಬಾಯಿ ಬಿಟಗೊಂಡು ನೋಡಬೇಕೇನು? ಮಾಸ್ತರ ನಮ್ಮಾಂವ. ಬೈದೇವಿ, ಹೌದು. ನಮ್ಮಾಂವನ್ನ ನಾವು ಬೈದ್ರ ಯಾರಿಗೇನು?"

"ಹೌದ ಹೌದ! ಎಲ್ಲಿಗೂ ಕಳಸಬ್ಯಾಡ್ರಿ!" ಎಂದು ಅಲ್ಲವ್ವ ಎಲ್ಲರಿಗಿಂತ ದೊಡ್ಡದಾಗಿ ಕೂಗಿದಳು.

"ನಾ ಹೋಗತೇನ್ರಿ! ಗೌಡ್ರ, ಕಾಲ ಬೀಳತೇನಿ, ನನ್ನ ಕಳಸ್ರಿ! ನನಗ ಸಿಟ್ಟ ಬಂದೈತಿ!"

"ನೋಡ್ರಿ ಸಾಹೇಬ್ರ" ಎಂದರು ಗೌಡರು, ಕಣ್ಣಲ್ಲಿ ನೀರು ತಂದುಕೊಂಡು. "ನಮ್ಮ ಮಾತ ಎಷ್ಟು ಮನಸ್ಸಿಗೆ ಹಚಗೊಂಡಾರ. ಭಾಳ ಸಂಭಾವಿತ ಮನಶ್ಯಾ."

ಸಾಹೇಬರು ಆರ್ಡರನ್ನು ನಾಲ್ಕು ಚೂರು ಮಾಡಿದರು. ಟಾಂಗಾ ಏರಿ ಕೂತ ಮೇಲೆ ಏನೋ ನೆನಪಾಗಿ ಮತ್ತೆ ಹೊರಗೆ ತಲೆ ಹಾಕಿದರು.

"ಮುರಿಗೆಪ್ಪ, ದೀಪಾವಳಿ ಸೂಟಿಗೆ ಮನಿಗೆ ಹೋಗಬ್ಯಾಡ್ರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡಿ ಬಿಗರಿ ಮಾಸ್ತರಗೋಳನ್ನೆಲ್ಲಾ ಇಲ್ಲಿಗೆ ಕಳಸತೇನಿ, ಅವರಿಗೆಲ್ಲಾ ಇದನ್ನ ಕಲಸ್ರಿ. ಹುಕ್ಕೇರಿಯಿಂದನೂ ಒಬ್ಬ ಬರತಾನ. ಮಗಳಿಗೆ ಮಿಠಾಯಿ ಗಿಠಾಯಿ ಕಳಸೂದಿದ್ರ ಅಂವನ ಕೈಯಾಗ ಕೊಟ್ಟ ಕಳಸ್ರಿ."