ಒದ್ದೆ ಪೈಸೆಯ ಸುರುಳಿ

ಬೀಡಿ, ಇಸ್ಪೀಟು ಇವೆಲ್ಲ ಮರ್ಯಾದಸ್ಥ ಚಟಗಳು. ಹೆಂಡತಿ ನಾಲ್ಕು ಜನರೆದುರು ಹೇಳಿಕೊಂಡು ಅಳಬಹುದು. ನನ್ನ ಚಟವನ್ನು ಹೇಳಿಕೊಂಡರೆ ಜನ ನನ್ನವಳನ್ನೇ ನೋಡಿ ನಗುತ್ತಿದ್ದರು. ಆಣೆ ಹೋಗಿ ಹೊಸ ಪೈಸೆ ಬಂದ ಕಾಲ ಅದು. ಕುಮಟೆಯಲ್ಲಿ ಅಂಚೆ ಗುಮಾಸ್ತನಾಗಿದ್ದ ನಾನು, ಐವತ್ತು ನಾಣ್ಯಗಳನ್ನು ಕಾಗದದಲ್ಲಿ ಸುತ್ತಿದ ಸುರುಳಿಗಳನ್ನು ಕೊಳ್ಳುತ್ತಿದ್ದೆ, ಮಾರುತ್ತಿದ್ದೆ. ಮೊದಲ ವರ್ಷದ ಸುರುಳಿಯಾದರೆ ಬೆಲೆ ಹೆಚ್ಚು. ಒಂದೇ ನಿಯಮ, ಸುರುಳಿಯನ್ನು ಒಡೆಯಬಾರದು. ಒಡೆದರೆ ಅದು ಬರೀ ಚಿಲ್ಲರೆ. ನನ್ನವಳು ಮೆಂತ್ಯಕ್ಕೆ ಚಿಲ್ಲರೆ ಕೇಳಿದರೆ, ಪೆಟ್ಟಿಗೆಯಲ್ಲಿ ಹನ್ನೆರಡು ಸುರುಳಿ ಇಟ್ಟುಕೊಂಡೇ ನಾನು ಪಕ್ಕದ ಮನೆಗೆ ಸಾಲಕ್ಕೆ ಹೋಗುತ್ತಿದ್ದೆ.

ರಜೆಯ ದಿನ ಊರೂರು ತಿರುಗಿ, "ಒಡೆಯದ ಸುರುಳಿ ಇದ್ದರೆ ಕೊಡಿ, ಮುಟ್ಟಬೇಕಾದಲ್ಲಿ ಮುಟ್ಟಿಸುತ್ತೇನೆ" ಎಂದು ಅಂಚೆಯವನ ಗತ್ತಿನಲ್ಲಿ ಹೇಳುತ್ತಿದ್ದೆ. ಹಾಗೆ ಕರ್ಕಿಗೆ ಹೋದಾಗ ಮಾದೇವಿ ಎಂಬ ಹೆಂಗಸು ಒಳಗಿನಿಂದ ಒಂದು ಸುರುಳಿ ತಂದಳು. ಅವಳ ಗಂಡ ಹಂಚು ಹೇರಿದ ಮಚವೆಯಲ್ಲಿ, ಅಂದರೆ ಹಾಯಿದೋಣಿಯಲ್ಲಿ, ಕಡಲಿಗೆ ಹೋಗುವವನು. ಅವನಿಗೆ ಕೂಲಿಯಾಗಿ ಬಂದ ಮೊದಲ ವರ್ಷದ ಪೈಸೆ! ಮೇಲೆ ಅರಿಶಿನದ ದಾರ ಕಟ್ಟಿತ್ತು. ಹುಳ ಹಿಡಿಯದಿರಲೆಂದು ಕಟ್ಟಿರಬೇಕು, ಎಂಥ ಜಾಣೆ ಎಂದುಕೊಂಡು ರೂಪಾಯಿ ಚಾಚಿದೆ. ಅವಳು ಹೆದರಿ ಹಿಂದೆ ಸರಿದಳು.

"ಇದ್ಕೆ ದುಡ್ಡು ತಕಂಬೂದಾ? ಬ್ಯಾಡ ಮಾರಾಯ್ರೆ. ಅವ್ರು ಕಡಲಿಗೆ ಹೋಗಿ ಐದು ತಿಂಗ್ಳಾತು. ಒಡೀಬೇಡಿ, ಮುಟ್ಟಿಸಿ ಸಾಕು. ಹೆಸ್ರು ನಾ ಹೇಳೂದಿಲ್ಲ, ನಿಮ್ಗೆ ಗೊತ್ತಿದ್ದಲ್ಲ."

ನನ್ನ ಗಿರಾಕಿ ಭಟ್ಕಳದ ಸಾಹೇಬರು ಇಷ್ಟು ಹೆಸರುವಾಸಿಯೇ ಎಂದು ಬೆರಗಾಗಿ ತಲೆಯಾಡಿಸಿದೆ. ಪುಕ್ಕಟೆ ಮಾಲು ಸಿಕ್ಕಿತೆಂದು ದಾರಿಯುದ್ದಕ್ಕೂ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಸುರುಳಿ ಒದ್ದೆಯಾಗಿತ್ತು. ಬಿಸಿಲಿಗಿಟ್ಟೆ, ಒಣಗಿತು. ಮರುದಿನ ಮತ್ತೆ ಒದ್ದೆ. ಅದೇ ಪೆಟ್ಟಿಗೆಯ ಉಳಿದ ಹನ್ನೆರಡು ಗರಿಗರಿಯಾಗಿದ್ದವು. "ಇದೊಂದೇ ಎಂತಕ್ಕೆ ಹೀಂಗೆ? ಉಪ್ಪುನೀರಿನ ವಾಸ್ನೆ ಬರ್ತದೆ. ಮೊದ್ಲು ಮನೆಯಿಂದ ಹೊರಗೆ ಹಾಕಿ" ಎಂದಳು ನನ್ನವಳು. ಕರಾವಳಿಯ ಹವೆ ಎಂದು ಅವಳಿಗೆ ವಿಜ್ಞಾನ ಹೇಳಿದೆ. ನನಗೇ ನಂಬಿಕೆ ಬರಲಿಲ್ಲ. ಶರಾವತಿ ದಾಟಿ ಭಟ್ಕಳಕ್ಕೆ ಒಯ್ದರೆ, ಸಾಹೇಬರು ಅದನ್ನು ಎತ್ತಿಕೊಂಡವರೇ ಕೆಳಗಿಟ್ಟು ಕೈ ಒರೆಸಿಕೊಂಡರು.

"ಪೋಸ್ಟ್ ಸಾಬ್, ಇದು ಯಾರದೋ ಅಮಾನತ್ತು, ನಂಬಿ ಕೈಗಿಟ್ಟಿದ್ದು. ವಾಪಸ್ ಕೊಟ್ಬಿಡಿ."

ಅಲ್ಲಿಂದ ನೇರ ಕರ್ಕಿಗೆ ಹೋದೆ. ಮಾದೇವಿ ನಗುತ್ತ ಅಂಗಳಕ್ಕೇ ಬಂದಳು. "ಜಟಗ ದೇವ್ರಿಗೆ ಮುಟ್ಟಿಸಿದ್ರಲ್ಲ? ಈಗ ಹೆಸ್ರು ಹೇಳೂಕಡ್ಡಿಲ್ಲ. ಹೆಂಗಸ್ರು ಅವ್ನ ಬನಕ್ಕೆ ಹೋಗೂ ಹಾಂಗಿಲ್ಲ, ಅದ್ಕೇ ನಿಮ್ಮ ಕೈಲಿ ಹರಕೆ ಕಳ್ಸಿದ್ದು. ಇವ್ರು ಈಗಷ್ಟೇ ಬಂದ್ರು ನೋಡಿ!"

ಜಗಲಿಯಲ್ಲಿ ಮೂಳೆ ಚಕ್ಕಳವಾದ ಗಂಡಸೊಬ್ಬ ಗಂಜಿ ಕುಡಿಯುತ್ತಿದ್ದ. ಮಚವೆ ಮುಳುಗಿತಂತೆ, ಯಾರೋ ಎತ್ತಿ ರತ್ನಾಗಿರಿಯಲ್ಲಿ ಮಲಗಿಸಿದ್ದರಂತೆ. "ಎಷ್ಟು ಹೊದ್ದರೂ ಮೈ ಒದ್ದೆ ಒದ್ದೆ ಅನ್ನಿಸ್ತಿತ್ತು. ಹೊಸ್ತಿಲು ದಾಟಿದ್ಮೇಲೆ ಒಣಗ್ತು" ಎಂದ. ನಾನು ಮೆಲ್ಲನೆ ಕಿಸೆ ಮುಟ್ಟಿಕೊಂಡೆ. ಸುರುಳಿ ಹಪ್ಪಳದ ಹಾಗೆ ಒಣಗಿತ್ತು.

"ಮುಟ್ಟಿಸಿದೆ" ಎಂದು ಸುಳ್ಳು ಹೇಳಿ ಬನದ ಕಡೆ ಓಡಿದೆ. ಅರ್ಧ ದಾರಿಯಲ್ಲಿ ನನ್ನ ಹಾಳು ಬುದ್ಧಿ ಎದ್ದಿತು. ಇದನ್ನಿಟ್ಟುಕೊಂಡು ಬಿಡಿ ಐವತ್ತು ಪೈಸೆ ಹಾಕಿದರಾಗದೇ? ದೇವರೇನು ನಾಣ್ಯದ ಇಸವಿ ಓದುತ್ತಾನೆಯೇ? ಎದೆ ತಣ್ಣಗಾಯಿತು. ನೋಡಿದರೆ ಅಂಗಿಯ ಕಿಸೆಯಿಂದ ನೀರು ಸೋರುತ್ತಿತ್ತು.

ಸುರುಳಿಯನ್ನು ಜಟಗನ ಕಲ್ಲಿನ ಮುಂದಿಟ್ಟು ಅಡ್ಡಬಿದ್ದೆ. ಅಷ್ಟಕ್ಕೇ ಧೈರ್ಯ ಬರದೆ ಮುಂದಿನ ಭಾನುವಾರ ಉಳಿದ ಹನ್ನೆರಡನ್ನೂ ಒಯ್ದು ಸುರಿದೆ. ಈಗ ಹೊನ್ನಾವರ ತಾಲೂಕಿನಲ್ಲಿ ಹೊಸ ಪೈಸೆಯ ಬಲು ದೊಡ್ಡ ಸಂಗ್ರಹ ಇರುವುದು ಜಟಗನ ಹತ್ತಿರ. ಒಂದಾದರೂ ಬಿಟ್ಟುಕೊಡುತ್ತಾನೇನೋ ಎಂದು ಒಮ್ಮೆ ಹೋಗಿ ಕೈಮುಗಿದು ಕೇಳಿದೆ. ಮನೆಗೆ ಬಂದಾಗ ನನ್ನವಳು ನನ್ನ ಕಿಸೆಯತ್ತ ನೋಡಿ ಒಣಗಿದ ಅಂಗಿಯೊಂದನ್ನು ಕೈಗೆ ಕೊಟ್ಟಳು.