ಊಸರವಳ್ಳಿ ಮಾಸ್ತರರ ಪಥ್ಯ

ನನಗೊಂದು ಹಳೆಯ ರೋಗವಿದೆ. ಅದಕ್ಕೆ ಔಷಧ ಇಲ್ಲವೆಂದಲ್ಲ. ಔಷಧ ಯಾವುದೆಂದು ಯಾರನ್ನಾದರೂ ಕೇಳಬೇಕಾಗುತ್ತದೆ, ನನ್ನ ರೋಗವೇ ಕೇಳದಿರುವುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಒಮ್ಮೆ ಜಮಖಂಡಿಗೆ ಹೋಗಬೇಕೆಂದು ಬನಹಟ್ಟಿಯಲ್ಲಿ ಬಸ್ಸು ಹತ್ತಿದೆ. ಅದು ಊರು ದಾಟಿ ಚಿಮ್ಮಡದ ಕಡೆ ಹೊರಳಿತು. ಕಂಡಕ್ಟರನನ್ನು ಒಂದು ಮಾತು ಕೇಳಿದ್ದರೆ ಇಳಿಸುತ್ತಿದ್ದ. ನಾನು ಕೇಳಲಿಲ್ಲ. ಚಿಮ್ಮಡಕ್ಕೇ ಹೊರಟವನ ಹಾಗೆ ಗತ್ತಿನಿಂದ ಕೂತೆ, ಅಲ್ಲಿ ಇಳಿದೆ, ಚಹಾ ಕುಡಿದೆ, ಆಟೋ ಹಿಡಿದು ವಾಪಸು ಬಂದೆ. ಮನೆಯಲ್ಲಿ ಹೆಂಡತಿ ಶಾಂತವ್ವ, "ಜಮಖಂಡಿ ಕೆಲಸಾ ಆತೇನ್ರಿ?" ಎಂದಾಗ, "ಅದಕ್ಕಿಂತ ದೊಡ್ಡ ಕೆಲಸ ಚಿಮ್ಮಡದಾಗ ಇತ್ತು" ಎಂದೆ. ಆ ದೊಡ್ಡ ಕೆಲಸ ಯಾವುದೆಂದು ಆಕೆ ಇವತ್ತಿಗೂ ಕೇಳುತ್ತಾಳೆ.

ಐದನೆಯ ಇಯತ್ತೆಗೆ ಸಾಲೆ ಬಿಟ್ಟವರಿಗೆ ಈ ರೋಗ ಬೇಗ ಅಂಟುತ್ತದೆ ಎಂದು ನನ್ನ ಅಂದಾಜು. ಓದಿದವನು ಏನಾದರೂ ಕೇಳಿದರೆ ಜನ ಅವನನ್ನು ತಿಳಿವಳಿಕೆಯವನು ಅನ್ನುತ್ತಾರೆ. ನಾವು ಅದನ್ನೇ ಕೇಳಿದರೆ, ಪಾಪ, ಸಾಲೆ ಕಲಿತಿಲ್ಲ ಅನ್ನುತ್ತಾರೆ. ಆ 'ಪಾಪ' ನನಗೆ ಸೇರುವುದಿಲ್ಲ. ನಾನು ಮೂವತ್ತೈದು ವರ್ಷದಿಂದ ಸೀರೆಯ ನೂಲಿಗೆ ಬಣ್ಣ ಹಾಕುವವನು. ಕನ್ನಡ ಪೇಪರು ಓದುತ್ತೇನೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಆದರೆ ಬಣ್ಣ ಬರುತ್ತದೆ. ಸೆರಗಿನ ಒಂದು ಚೂರು ತಂದುಕೊಟ್ಟರೆ ತೂಕ ಅಳತೆ ನೋಡದೆ, ಕಣ್ಣಳತೆಯಲ್ಲೇ ಅದೇ ಬಣ್ಣ ಕಾಯಿಸಿ ನೂಲು ಅದ್ದಿ ತೆಗೆಯುತ್ತೇನೆ. ನಮ್ಮ ಕೆಲಸದಲ್ಲಿ ಬಣ್ಣ ಎರಡೇ ಜಾತಿ. ತೊಳೆದರೆ ತೆಳ್ಳಗಾಗುವುದು ಕಚ್ಚಾ, ಗಾಢವಾಗಿ ಹಿಡಿದು ಕೂರುವುದು ಪಕ್ಕಾ. ಇಷ್ಟು ಗೊತ್ತಿದ್ದರೆ ಲೋಕ ಗೊತ್ತಿದ್ದ ಹಾಗೆಯೇ ಎಂದು ತಿಳಿದಿದ್ದೆ.

ನಮಗೆ ಒಬ್ಬಳೇ ಮಗಳು, ಸುನಂದಾ. ಮದುವೆಗೆ ಎರಡು ತಿಂಗಳಿದ್ದಾಗ ಚಿಮ್ಮಡದಲ್ಲಿರುವ ಗೆಳತಿಯ ಹೊಲಕ್ಕೆ ಹೋಗಿದ್ದಳು. ಕಬ್ಬು ಕಡಿದ ಮೇಲೆ ಬದುವಿನ ಬೇಲಿ ಸವರುವಾಗ ಯಾರದೋ ಕುಡುಗೋಲು ತಗುಲಿ ಒಂದು ಊಸರವಳ್ಳಿಯ ಮುಂಗಾಲು ಮುರಿದಿತ್ತು. ಪುಸ್ತಕದವರು ಗೋಸುಂಬೆ ಅನ್ನುವ ಪ್ರಾಣಿಯೇ ಅದು. ಮಗಳು ಅದನ್ನು ಓಢಣಿಯಲ್ಲಿ ಸುತ್ತಿಕೊಂಡು ಜಮಖಂಡಿಯ ಪಶುವೈದ್ಯರ ಹತ್ತಿರ ಒಯ್ದಳು. ಅವರು ದನದ ಡಾಕ್ಟರು, ಆದರೂ ಹೋಗಾಚೆ ಅನ್ನಲಿಲ್ಲ. ಪುಸ್ತಕ ತೆಗೆದು ನೋಡಿ, ಯಾರಿಗೋ ಫೋನು ಮಾಡಿ, ಕಡ್ಡಿ ಕಟ್ಟಿಕೊಟ್ಟು, "ಇದು ಕಾಡಿನ ಜೀವ ತಂಗಿ, ಸಾಕೂ ಹಂಗಿಲ್ಲ. ಎಲುಬು ಗಟ್ಟಿ ಆಗೂತನಾ ನೋಡ್ಕೊಂಡು ಸಿಕ್ಕಲ್ಲೇ ಬಿಟ್ಟಬಿಡ್ರಿ" ಎಂದರಂತೆ.

ಹೀಗೆ ಬಂದ ಅತಿಥಿ ಹಿತ್ತಲಿನ ದಾಳಿಂಬೆ ಗಿಡದ ಮೇಲೆ, ಸೊಳ್ಳೆಪರದೆಯ ಒಳಗೆ ಕೂತಿತು. ಅದರ ಒಂದು ಕಣ್ಣು ಮುಂದೆ ನೋಡಿದರೆ ಇನ್ನೊಂದು ಹಿಂದೆ ನೋಡುತ್ತಿತ್ತು. ನನ್ನ ಐದನೆಯ ಇಯತ್ತೆಯ ಮಾಸ್ತರರು ಹೀಗೆಯೇ, ಹಲಗೆಯ ಮೇಲೆ ಬರೆಯುತ್ತಲೇ ಕೊನೆಯ ಸಾಲಿನ ನನ್ನನ್ನು ಹಿಡಿಯುತ್ತಿದ್ದರು. ಅದನ್ನು ಹೇಳಿದ್ದೇ ತಡ, ಮಗಳು ಅದಕ್ಕೆ 'ಮಾಸ್ತರ್ರು' ಎಂದು ಹೆಸರಿಟ್ಟಳು. ಒಂದು ಹೆಜ್ಜೆ ಇಡಲು ಅವರು ಮೂರು ಸಲ ವಿಚಾರ ಮಾಡುತ್ತಿದ್ದರು. ಶಾಂತವ್ವ ಮೊದಮೊದಲು, ಬಣ್ಣ ಬದಲಿಸುವ ಪ್ರಾಣಿ ನಂಬಿಕೆಗೆ ಯೋಗ್ಯವಲ್ಲ ಎಂದು ದೂರ ನಿಂತಳು. "ಹಂಗಂದ್ರ ನಿನ್ನ ಗಂಡನೂ ಬಣ್ಣದಾಂವನ" ಎಂದೆ. "ಅದಕ್ಕs ಹೇಳಿದೆ" ಎಂದಳು.

ಮದುವೆ ಮುಗಿದು ಬೀಳಗಿಗೆ ಹೊರಡುವ ದಿನ ಮಗಳು ಒಂದು ಹಾಳೆ ಕೊಟ್ಟಳು. ಹೆಣ್ಣು ಕೊಟ್ಟ ಮನೆಯಲ್ಲಿ ತಂದೆಯೇ ಬೀಗರಿಗೆ, ಅಳಿಯನಿಗೆ, ನನ್ನ ಮಗಳನ್ನು ಹೀಗೆ ನೋಡಿಕೊಳ್ಳಿ ಎಂದು ಕೈಮುಗಿದು ಹೇಳುವುದು ರೂಢಿ. ನಮ್ಮಲ್ಲಿ ಮಗಳೇ ನನಗೆ ಹೇಳಿದಳು. "ಅಪ್ಪಾ, ಇವರ ಕಾಲ ಇನ್ನೂ ಗಟ್ಟಿ ಆಗಿಲ್ಲ. ಎರಡ ತಿಂಗಳಿಗೆ ನಾಗರ ಪಂಚಮಿ, ನಾ ಬರ್ತೀನಲ್ಲ, ಅಲ್ಲೀತನಾ ಅಷ್ಟ. ಬಂದ ಮ್ಯಾಲೆ ನಾನs ಒಯ್ದು ಬೇಲ್ಯಾಗ ಬಿಡ್ತೀನಿ. ಹಾಳಿ ಓದು. ತಿಳೀಲಿಲ್ಲಂದ್ರ ಫೋನ್ ಮಾಡು."

"ಎಮ್ಮಿ ಸಾಕೀನಿ, ನಿನ್ನ ಸಾಕೀನಿ. ಈ ಗೇಣುದ್ದದ್ದು ಯಾವ ದೊಡ್ಡದು?" ಎಂದೆ.

ಹಾಳೆಯಲ್ಲಿದ್ದ ಪಥ್ಯ ನಮ್ಮ ಬೀಗರಿಗೂ ಮಾಡಿಲ್ಲದಂಥದ್ದು. ಜೀವಂತ ಮಿಡತೆ, ಪತಂಗ, ನೊಣ ಮಾತ್ರ, ಸತ್ತದ್ದು ಮುಟ್ಟುವುದಿಲ್ಲ. ಬಟ್ಟಲಲ್ಲಿ ಇಟ್ಟ ನೀರು ಕುಡಿಯುವುದಿಲ್ಲ, ಎಲೆಯ ಮೇಲೆ ಸಿಂಪಡಿಸಬೇಕು, ತೊಟ್ಟಿಕ್ಕುವ ಹನಿಯನ್ನು ನಾಲಿಗೆಯಿಂದ ತೆಗೆದುಕೊಳ್ಳುತ್ತದೆ. ಬೆಳಗಿನ ಬಿಸಿಲು ಬೇಕು. ಮಿಡತೆಯ ಮೇಲೆ ದಿನ ಬಿಟ್ಟು ದಿನ ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು, ಎಲುಬು ಕೂಡಲು. ಹದಿನೈದು ದಿನಕ್ಕೊಮ್ಮೆ ಜೀವಸತ್ವದ ಪುಡಿ, ಅದು ಹೆಚ್ಚಾದರೂ ಕೇಡು. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಕೊನೆಯ ಸಾಲು: ಮಿಡತೆಗಳಿಗೆ ಮೊದಲು ಒಂದು ದಿನ ಹಸಿ ಸೊಪ್ಪು ತಿನ್ನಿಸಬೇಕು, ಆಗಲೇ ಅವುಗಳಲ್ಲಿ ಸತ್ವ ಬರುತ್ತದೆ. ಅಂದರೆ ಉಣ್ಣುವವರಿಗಿಂತ ಮುಂಚೆ ಊಟಕ್ಕೇ ಊಟ ಹಾಕಬೇಕು! ಮೆಂತ್ಯದ ಸಿವುಡು ಬಿಚ್ಚಿ ಡಬ್ಬಿಯ ಮಿಡತೆಗಳ ಮುಂದೆ ಇಡುವಾಗ, ಅವು ಎಷ್ಟು ನಂಬಿಕೆಯಿಂದ ತಿನ್ನುತ್ತಿದ್ದವೆಂದರೆ ನನಗೆ ಅವುಗಳ ಮುಖ ನೋಡುವುದಾಗುತ್ತಿರಲಿಲ್ಲ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಶಾಂತವ್ವ ಕರಾರು ಹಾಕಿದಳು: ಮಿಡತೆಯ ಡಬ್ಬಿ ಹೊಸ್ತಿಲು ದಾಟಿ ಒಳಗೆ ಬರಬಾರದು, ಉಣಿಸಿದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು, ಸೋಮವಾರ ಹಿಂಸೆ ಇಲ್ಲ. "ಸೋಮವಾರ ಒಪ್ಪತ್ತು ನಾವಿರೂದಿಲ್ಲೇನ್ರಿ? ಅವರೂ ಇರ್ಲಿ" ಎಂದಳು. ಮಾಸ್ತರರು ಸೋಮವಾರ ಬರೀ ನೀರ ಹನಿಯ ಮೇಲೆ ಇರಲು ಒಪ್ಪಿಕೊಂಡರು. ನಾನು ದಿನಾ ಬೆಳಿಗ್ಗೆ ಬಣ್ಣದ ಕೈಯಲ್ಲೇ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕುಪ್ಪಳಿಸಿ ಮಿಡತೆ ಹಿಡಿಯುತ್ತಿದ್ದೆ. ಓಣಿಯವರು ಕೇಳಿದರೆ ಮೊಣಕಾಲಿಗೆ ವ್ಯಾಯಾಮ ಎನ್ನುತ್ತಿದ್ದೆ. ಖರೆ ಹೇಳಬೇಕೆಂದರೆ ಆ ಎರಡು ತಿಂಗಳು ನನಗೆ ಮನೆ ಖಾಲಿ ಎನ್ನಿಸಲೇ ಇಲ್ಲ. ಮಾಸ್ತರರ ನಾಲಿಗೆ ಫಟ್ಟನೆ ಹಾರಿ ಮಿಡತೆಯನ್ನು ಎಳೆದುಕೊಂಡಾಗ ಮಗಳಿಗೆ ಫೋನಿನಲ್ಲಿ ಹೇಳಲು ನನಗೂ ಒಂದು ಸುದ್ದಿ ಇರುತ್ತಿತ್ತು. ತಂದೆ ಮಗಳ ಮಧ್ಯೆ ಮಾತು ಅಷ್ಟು ಸಲೀಸಲ್ಲ ನೋಡಿ. ಊಟ ಆತೇನು, ಆತು, ಮುಗಿಯಿತು. ಮಾಸ್ತರರು ಇದ್ದುದರಿಂದ ಅದು ಕಾಲು ತಾಸು ನಡೆಯುತ್ತಿತ್ತು.

ಪಂಚಮಿಗೆ ಹದಿನೈದು ದಿನ ಇದ್ದಾಗ ಕ್ಯಾಲ್ಸಿಯಂ ಡಬ್ಬಿ ಮುಗಿಯಿತು. ಖಾಲಿ ಡಬ್ಬಿ ಹಿಡಿದು ಔಷಧದ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ತಿರುವಿ ನೋಡಿ, "ಚೀಟಿ ಅಳಸಿ ಹೋಗೇತ್ರಿ. ಇದರಾಗ ಮೂರ ನಮೂನಿ ಬರ್ತಾವು. ಯಾವುದು ಕೊಡ್ಲಿ? ಯಾರಿಗ್ರಿ, ಮನ್ಯಾಗ ಅಮ್ಮಾವರಿಗೇನ್ರಿ?" ಎಂದರು. ಹಿಂದೆ ಏಳೆಂಟು ಜನ, ಎಲ್ಲರೂ ಪರಿಚಯದವರು. ಊಸರವಳ್ಳಿಗೆ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಯಾವ ನಮೂನೆ ಎಂಬುದು ಗೊತ್ತಿಲ್ಲ ಅನ್ನಲಿಕ್ಕಂತೂ ಬರುವುದೇ ಇಲ್ಲ. "ಹೊರಗ ಗಾಡಿ ನಿಂತೈತಿ, ಬಂದೆ" ಎಂದು ಹೊರಬಿದ್ದೆ. ನನಗೆ ಗಾಡಿಯೇ ಇಲ್ಲ.

ದಾರಿಯಲ್ಲಿ ಬರುತ್ತ ಒಂದು ವಿಚಾರ ಹೊಳೆಯಿತು. ಕ್ಯಾಲ್ಸಿಯಂ ಅಂದರೆ ಏನು? ಸುಣ್ಣ. ನಮ್ಮವ್ವ ಬಸುರಿ ಹೆಂಗಸರಿಗೆ ಮೊಸರಿನಲ್ಲಿ ಗೋದಿ ಕಾಳಿನಷ್ಟು ಸುಣ್ಣ ಕಲಸಿ ಕೊಡುತ್ತಿದ್ದಳು, ಎಲುಬಿಗೆ ಛಲೋ ಎಂದು. ಇಂಗ್ಲಿಷಿನವರು ಅದನ್ನೇ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಶಾಂತವ್ವನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು, ಒಣಗಿಸಿ, ಪುಡಿ ಮಾಡಿ, ಮಿಡತೆಯ ಮೇಲೆ ಉದುರಿಸಿದೆ. ಮಾಸ್ತರರು ಮೊದಲ ದಿನ ತಿಂದರು. ಎರಡನೆಯ ಸಲ ಬಾಯಿಗೆ ತೆಗೆದುಕೊಂಡು ಉಗುಳಿದರು. ಆಮೇಲೆ ಮಿಡತೆ ಕಂಡರೆ ಎರಡೂ ಕಣ್ಣು ಬೇರೆ ಕಡೆ ಹೊರಳಿಸತೊಡಗಿದರು. ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ನನಗೆ ಮೋಸ ಮಾಡಿದ್ದು ಬಣ್ಣ. ಅಲ್ಲ, ಬಣ್ಣ ಖರೆಯನ್ನೇ ಹೇಳಿತು, ತಪ್ಪು ಓದಿದವನು ನಾನು. ಅಲ್ಲಿಯವರೆಗೆ ಎಳೆ ಹಸಿರಾಗಿದ್ದ ಮಾಸ್ತರರ ಮೈ ದಿನದಿನಕ್ಕೆ ಕಪ್ಪೇರಿತು. ನಾಲ್ಕನೆಯ ದಿನಕ್ಕೆ ಎಂಥ ಗಾಢ ಬಣ್ಣ ಅಂತೀರಿ, ನಾನು ಮೂರು ಸಲ ಅದ್ದಿ ತೆಗೆದರೂ ನೂಲಿಗೆ ಅಷ್ಟು ಹಿಡಿಯಲಿಕ್ಕಿಲ್ಲ. ಬಣ್ಣ ಪಕ್ಕಾ ಆಗುತ್ತಿದೆ, ಒಳಗೆ ಶಕ್ತಿ ಸೇರುತ್ತಿದೆ ಎಂದು ಹಿಗ್ಗಿದೆ. ಅಂದೇ ಮಗಳ ಫೋನು ಬಂತು.

"ಅಪ್ಪಾ, ಮಾಸ್ತರ್ರು ಉಣ್ಣಾಕತ್ತಾರಿಲ್ಲ?"

"ಭರಪೂರ."

"ಬಣ್ಣಾ ಹೆಂಗೈತಿ?"

"ಬಣ್ಣದ್ದು ನನಗ ಕೇಳ್ತೀಯೇನವ್ವಾ? ಪಕ್ಕಾ ಐತಿ!"

ಆಕೆ ನಕ್ಕಳು. ಆ ನಗುವಿನ ಧೈರ್ಯದಲ್ಲೇ ಇನ್ನೆರಡು ದಿನ ಕಳೆದೆ.

ಮೂರನೆಯ ದಿನ ಶಾಂತವ್ವ ಹಿತ್ತಲಿನಿಂದ ಕೂಗಿದಳು. "ಅಲ್ರೀ, ಇವರು ಟೊಂಗಿ ಹಿಡಕೊಳ್ಳಾಕತ್ತಿಲ್ಲ. ಬಾಯಿ ಬಾತಂಗ ಕಾಣತೈತಿ. ಸುನಂದಾಗ ಫೋನ್ ಹಚ್ಚರಿ." ನಾನು ಫೋನು ಹಚ್ಚಲಿಲ್ಲ. ಬುಟ್ಟಿಯಲ್ಲಿ ಬಟ್ಟೆ ಹಾಸಿ ಜಮಖಂಡಿಗೆ ಒಯ್ದೆ. ಡಾಕ್ಟರು ಮಾಸ್ತರರ ಬಾಯಿ ಮೆಲ್ಲಗೆ ಬಿಡಿಸಿ ನೋಡಿ, ಏನು ಹಾಕಿದಿರಿ ಎಂದು ಕೇಳಿದರು. ಹೇಳಿದೆ. ಅವರು, "ಸುಣ್ಣಾ ಸುಡತೈತ್ರಿ ಯಜಮಾನ್ರ. ಬಾಯೆಲ್ಲಾ ಹುಣ್ಣಾಗೇತಿ, ಹೆಂಗ ಉಂಡಾವು?" ಎಂದರು. ನಾನು ಕೊನೆಯ ಆಸೆಯಿಂದ, "ಬಣ್ಣಾ ಮಾತ್ರ ಗಟ್ಟಿ ಐತಲ್ರಿ" ಎಂದೆ. "ಬ್ಯಾನಿ ತಿಂದ್ರ ಇವು ಕಪ್ಪಾಗ್ತಾವ್ರಿ. ಕಪ್ಪಾಗಾಕ ಹತ್ತಿದ ದಿನಾನs ತರಬೇಕಿತ್ತು." ಬಾಯಿ ತೊಳೆದು, ಔಷಧ ಹಚ್ಚಿ, ಹನಿ ಹನಿಯಾಗಿ ಕುಡಿಸಲು ಒಂದು ನೀರು ಕೊಟ್ಟರು. ಎರಡು ದಿನ ಕುಡಿಸಿದೆ. ಮೂರನೆಯ ಬೆಳಿಗ್ಗೆ ಮಾಸ್ತರರ ಎರಡೂ ಕಣ್ಣು ಒಂದೇ ಕಡೆ ಇದ್ದವು. ಮೈಯ ಬಣ್ಣ ಬಿಟ್ಟಿತ್ತು. ದಾಳಿಂಬೆಯ ಬುಡದಲ್ಲೇ ಮಣ್ಣು ಮಾಡಿದೆ.

ಪಂಚಮಿಗೆ ನಾಲ್ಕೇ ದಿನ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಮರುದಿನ ನಾನು ಚಿಮ್ಮಡದ ಬೇಲಿಗಳಲ್ಲಿ ಇನ್ನೊಬ್ಬ ಮಾಸ್ತರರನ್ನು ಹುಡುಕಲು ಹೋದೆ. ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಹೊಲದವರೊಬ್ಬರು, "ಏನ್ ಕಳದೀರಿ ಅಣ್ಣಾರ?" ಎಂದರು. "ಕೀಲಿಕೈ" ಎಂದೆ. ಪುಣ್ಯಾತ್ಮರು ಕೆಲಸ ಬಿಟ್ಟು ನನ್ನ ಜೊತೆ ಒಂದು ತಾಸು ಇಲ್ಲದ ಕೀಲಿಕೈ ಹುಡುಕಿದರು. ಕಡೆಗೆ ಬೆವರು ಒರೆಸಿಕೊಳ್ಳುತ್ತ, "ಮೊದಲ ಈ ಬೇಲ್ಯಾಗ ಕೈ ಹಾಕಾಕ ಹೆದರತಿದ್ವಿ, ಊಸರವಳ್ಳಿ ಭಾಳ ಇದ್ವು. ಈಗ ಎಲ್ಲಾ ಆಚಿ ಹಳ್ಳದ ಕಡೆ ಹೋಗ್ಯಾವ" ಎಂದರು. ಹಳ್ಳದವರೆಗೆ ನಾನು ಹೋಗಲಿಲ್ಲ. ಸಿಕ್ಕಿದರೂ, ಮಗಳು ನಂಬಬೇಕೆಂದರೆ ಅದರ ಮುಂಗಾಲನ್ನೂ ನಾನೇ ಮುರಿಯಬೇಕಲ್ಲ ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ನನ್ನ ಬಗ್ಗೆಯೇ ಹೆದರಿಕೆಯಾಯಿತು.

ಮದುವೆಯಾದ ಮೊದಲ ಪಂಚಮಿಗೆ ಮಗಳನ್ನು ತವರಿನವರೇ ಹೋಗಿ ಕರೆತರಬೇಕು. ಹೋದೆ. ಬೀಳಗಿಯಲ್ಲಿ ಬಸ್ಸು ಹತ್ತಿ ಕೂತ ಕೂಡಲೆ ಆಕೆ ಚೀಲದಿಂದ ಹೊಸ ಡಬ್ಬಿ ತೆಗೆದು ತೋರಿಸಿದಳು. "ಲೆಕ್ಕಾ ಹಾಕಿ ತಂದೀನಪ್ಪಾ. ಹಳೇದು ಮುಗದು ಹದಿನೈದ ದಿನಾ ಆಗಿರಬೇಕು. ನೀ ತಂದಿದ್ದಿಲ್ಲ?"

ಬಸ್ಸಿನಲ್ಲಿ ಎಲ್ಲಿಗೆ ಇಳಿದುಹೋಗಲಿ? ಎಲ್ಲ ಹೇಳಿದೆ. ಅಂಗಡಿ, ಸುಣ್ಣ, ಬಣ್ಣ, ಕೀಲಿಕೈ ಕೂಡ. ಆಕೆ ಡಬ್ಬಿಯನ್ನು ಒಳಗಿಟ್ಟು ಚೀಲದ ಬಾಯಿ ಕಟ್ಟಿದಳು. ಒಂದೇ ಮಾತು ಕೇಳಿದಳು.

"ಫೋನ್ ಇತ್ತಲ್ಲಪ್ಪಾ?"

"ಇತ್ತವ್ವಾ."

ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹಿಂದಿನ ಸೀಟಿನ ಮುದುಕಿ, "ಹುಚ್ಚಿ, ತವರಮನಿಗೆ ಹೊಂಟವ್ರು ಯಾರರ ಅಳತಾರೇನ? ತಿರುಗಿ ಹೋಗೂ ದಿನಕ್ಕ ಒಂದೀಟ ಇಟ್ಕೊ" ಎಂದು ಬೆನ್ನು ಸವರಿ, ಚೀಲದಿಂದ ಒಂದು ಉಂಡಿ ತೆಗೆದು ಕೊಟ್ಟಳು. ಮಗಳು ಅಳುತ್ತಲೇ ಅದನ್ನು ಮುರಿದು ಅರ್ಧ ನನಗೆ ಕೊಟ್ಟಳು. ಸಿಟ್ಟಿನಲ್ಲಿ ಕೊಟ್ಟಳೋ, ರೂಢಿಯಿಂದ ಕೊಟ್ಟಳೋ, ಮುಖ ನೋಡಿ ತಿಳಿಯಲು ಪ್ರಯತ್ನಿಸಿದೆ. ತಿಳಿಯಲಿಲ್ಲ.

ಹಬ್ಬದ ನಾಲ್ಕು ದಿನ ಆಕೆ ಆ ಮಾತು ಎತ್ತಲಿಲ್ಲ. ರೊಟ್ಟಿ ಹಂಚಿದಳು, ಗೆಳತಿಯರ ಜೊತೆ ಜೋಕಾಲಿ ಆಡಿದಳು. ಒಂದು ಬೆಳಿಗ್ಗೆ ಮಾತ್ರ ದಾಳಿಂಬೆ ಗಿಡದ ಮೇಲೆ ನೀರು ಸಿಂಪಡಿಸಿ, ಹನಿ ಬೀಳುವುದನ್ನು ನೋಡುತ್ತ ನಿಂತಿದ್ದಳು. ನಾನು ಕಿಟಕಿಯಿಂದ ಸರಿದೆ.

ಈಗ ಆಕೆ ಬೀಳಗಿಯಿಂದ ಫೋನು ಮಾಡುತ್ತಾಳೆ. ಊಟ ಆತೇನು, ಆತು. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ, ಫೋನು ಅವ್ವನ ಕೈಗೆ ಹೋಗುತ್ತದೆ. ಹೋದ ವಾರ ನಾನೇ ಫೋನು ಹಚ್ಚಿದೆ. "ಸುನಂದಾ, ಕರಿಬೇವಿನ ಗಿಡಕ್ಕ ನೀರು ದಿನಾ ಹಾಕಬೇಕೋ, ದಿನ ಬಿಟ್ಟು ದಿನಾ ಹಾಕಬೇಕೋ?" ಎಂದು ಕೇಳಿದೆ. ಆ ಗಿಡ ಹಚ್ಚಿದವನು ನಾನು, ಇಪ್ಪತ್ತು ವರ್ಷದಿಂದ ನೀರು ಹಾಕುವವನೂ ನಾನೇ. ಒಲೆಯ ಮುಂದಿದ್ದ ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಚೆಯಿಂದ ಮಗಳು ಹೇಳತೊಡಗಿದಳು: ಮಣ್ಣು ಮುಟ್ಟಿ ನೋಡಬೇಕು, ಹಸಿ ಇದ್ದರೆ ಹಾಕಬಾರದು, ಬೇರಿಗೆ ನೀರು ನಿಲ್ಲಬಾರದು. ನಾನು ಹೂಂ ಹೂಂ ಎನ್ನುತ್ತ ಎಲ್ಲ ಕೇಳಿದೆ. ಕಾಲು ತಾಸು ಆಯಿತು.

"ಬರಕೊಂಡ್ಯೇನಪ್ಪಾ?" ಎಂದಳು.

"ಬರಕೊಂಡೆನವ್ವಾ" ಎಂದೆ. ಬರೆದುಕೊಂಡಿರಲಿಲ್ಲ. ಆದರೆ ಫೋನು ಇಟ್ಟ ಮೇಲೆ ಎದ್ದು ಹಿತ್ತಲಿಗೆ ಹೋಗಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮಣ್ಣು ಮುಟ್ಟಿ ನೋಡಿದೆ. ಹಸಿ ಇತ್ತು. ಅಷ್ಟು ವರ್ಷ ನಾನು ನೀರು ಹೆಚ್ಚೇ ಹಾಕುತ್ತಿದ್ದೆ.